ಕೆಲಸ ನಡೆಯುವ ಸ್ಥಳ

ಹುಟ್ಟಿದ ಮಗುವಿನ ತಲೆಗೆ ಕಟ್ಟುವ ಪುಟ್ಟ ಟೊಪ್ಪಿಗೆಗೆ ಕುಲಾವಿ ಅನ್ನುತ್ತಾರೆ. ಅದನ್ನು ಅವಳ ಹಾಗೆ ಹೊಲಿಯುವವರು ಆ ಊರಲ್ಲಿ ಇನ್ನೊಬ್ಬರಿರಲಿಲ್ಲ. ಒಳಗೆ ಬೆರಳಾಡಿಸಿದರೆ ಹೊಲಿಗೆಯ ಗಂಟು ಸಿಗುತ್ತಿರಲಿಲ್ಲ. ಲಾಡಿ ಕಟ್ಟಿದರೆ ಗದ್ದಕ್ಕೆ ಒತ್ತುತ್ತಿರಲಿಲ್ಲ, ಸಡಿಲ ಬಿಟ್ಟರೆ ಜಾರುತ್ತಿರಲಿಲ್ಲ. ಹೆತ್ತವರು ಇಟ್ಟ ಹೆಸರು ಯಾವ ಮೂಲೆ ಸೇರಿತೋ ಏನೋ, ಎಲ್ಲರ ಬಾಯಲ್ಲೂ ಅವಳು ಕುಲಾವಿಯಕ್ಕ ಎಂದೇ ಉಳಿದಳು. ಬಟ್ಟೆ, ಕತ್ತರಿ, ಅಳತೆ ಇವುಗಳ ವಿಷಯಕ್ಕೆ ಬಂದರೆ ಯಾರಿಗೂ ಸೊಪ್ಪು ಹಾಕದ ಹೆಂಗಸು. ಆದರೆ "ನಿಮ್ಮ ಮನೆ ಎಲ್ಲಿ?" ಅಂತ ಯಾರಾದರೂ ಕೇಳಿದರೆ ಮುಗಿಯಿತು, ಉಗುಳು ನುಂಗಿಕೊಳ್ಳುತ್ತಿದ್ದಳು.

ಮನೆ ಇದ್ದದ್ದು ದೊಡ್ಡಾಸ್ಪತ್ರೆಯ ಹಿಂಭಾಗದ ಗೋಡೆಗೆ ತಾಗಿದ ಓಣಿಯಲ್ಲಿ. ನಗರಸಭೆಯ ಫಲಕದ ಮೇಲೆ "ಹಿಂಬದಿ ಒಂದನೇ ಅಡ್ಡರಸ್ತೆ" ಎಂದು ಬರೆದಿತ್ತು. ಹಾಗೆ ಕರೆದವರನ್ನು ಮಾತ್ರ ಯಾರೂ ಕಂಡಿರಲಿಲ್ಲ. ಆಸ್ಪತ್ರೆಯ ಶವಾಗಾರದ ಬಾಗಿಲು ಆ ಓಣಿಗೇ ತೆರೆಯುತ್ತಿದ್ದುದರಿಂದ ಊರಿಗೆಲ್ಲ ಅದು ಹೆಣದ ಓಣಿ. ಆಟೋದವರನ್ನು ಕರೆದರೆ, "ಅಲ್ಲಿಗೆ ಹೋಗೋಕೆ ಇನ್ನೂ ಟೈಮಿದೆ ಬಿಡಿ ಅಕ್ಕಾ, ಅವಸರ ಯಾಕೆ?" ಅಂತ ಹಲ್ಲು ಕಿಸಿಯುತ್ತಿದ್ದರು. ಓಣಿಯ ಜನರೂ ನಗುತ್ತಿದ್ದರು, ಬೇರೆ ಏನು ಮಾಡುತ್ತಾರೆ. ಹನ್ನೊಂದು ಮನೆಗಳು, ಒಂದು ನಲ್ಲಿ, ಸಾಲಾಗಿ ಒಣಹಾಕಿದ ಬಟ್ಟೆ. ಮಧ್ಯಾಹ್ನದ ಹೊತ್ತಿಗೆ ಫಿನಾಯಿಲಿನ ವಾಸನೆ. ಅವಳ ಗಂಡ ಆ ಬಾಗಿಲಿನ ಕೀಲಿ ಇಟ್ಟುಕೊಂಡಿದ್ದ ನೌಕರ. ಹೆಣಗಳನ್ನು ಒಳಗೆ ತೆಗೆದುಕೊಳ್ಳುವುದು, ತೊಳೆಯುವುದು, ಮನೆಯವರಿಗೆ ಒಪ್ಪಿಸುವುದು ಅವನ ಕೆಲಸ. ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ, ಅದೇ ಮನೆ, ಅದೇ ಹೆಂಡತಿ.

ಈಗ ಒಂದು ಮಾತು ಹೇಳಿಬಿಡಬೇಕು, ಇದನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅಷ್ಟು ಸಣ್ಣ ಅಂಗಿ ಹೊಲಿಯುವ ವಿದ್ಯೆಯನ್ನು ಅವಳಿಗೆ ಕಲಿಸಿದವನು ಗಂಡನೇ. ಮದುವೆಯಾದ ಹೊಸದರಲ್ಲಿ ಒಂದು ಮಧ್ಯಾಹ್ನ ಅವನು ಊಟಕ್ಕೆ ಬಂದವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಮೆಲ್ಲಗೆ ಕೇಳಿದ.

"ಒಂದು ಅಂಗಿ ಹೊಲಿದುಕೊಡ್ತೀಯಾ? ಹುಟ್ಟುತ್ತಲೇ ಹೋದ ಮಗು. ಅವರಪ್ಪ ಅಂಗಡಿಯಿಂದ ಅಂಗಿ ತಂದಿದ್ದಾನೆ, ಪಾಪ, ಇರೋದರಲ್ಲೇ ಚಿಕ್ಕದು. ಹಾಕಿದರೆ ಮಗುನೇ ಕಾಣಿಸ್ತಿಲ್ಲ."

"ಎಷ್ಟು ಚಿಕ್ಕದು?" ಅಂತ ಇವಳು ಕೇಳಿದಳು. ಅವನು ಮೇಜಿನ ಮೇಲೆ ಗೇಣು ಹಾಕಿ, ಅದರ ಮುಂದೆ ಮೂರು ಬೆರಳು ಇಟ್ಟು ತೋರಿಸಿದ. ಅವಳು ಸೀಸದ ಕಡ್ಡಿಯಿಂದ ಅಲ್ಲೇ ಗುರುತು ಮಾಡಿಕೊಂಡಳು. ಮುಕ್ಕಾಲು ಗಂಟೆಯಲ್ಲಿ ಅಂಗಿಯೂ ಕುಲಾವಿಯೂ ತಯಾರಾದವು. ಅಂದಿನಿಂದ ವರ್ಷಕ್ಕೆ ಎಂಟೋ ಹತ್ತೋ ಸಲ ಅವನು ಬಂದು ಮೇಜಿನ ಮೇಲೆ ಕೈಯಿಟ್ಟು ಅಳತೆ ಹೇಳುತ್ತಿದ್ದ. ಅವಳು ಹೊಲಿದುಕೊಡುತ್ತಿದ್ದಳು. ಇಬ್ಬರೂ ಅದರ ಬಗ್ಗೆ ಹೆಚ್ಚು ಮಾತಾಡುತ್ತಿರಲಿಲ್ಲ.

ಆ ಅಳತೆಯೇ ಮುಂದೆ ಅನ್ನದ ದಾರಿಯಾಯಿತು. ತಿಂಗಳು ತುಂಬದೆ ಹುಟ್ಟಿ ಬದುಕುವ ಕೂಸುಗಳಿಗೂ ಅಂಗಡಿಯ ಬಟ್ಟೆ ದೊಡ್ಡದೇ. ಪಕ್ಕದ ಬೀದಿಯ ಒಬ್ಬ ಬಾಣಂತಿಗೆ ಎಂದು ಹೊಲಿದುಕೊಟ್ಟದ್ದು ನಾಲ್ಕು ಜನರ ಕಣ್ಣಿಗೆ ಬಿತ್ತು. ನಾಲ್ಕು ಹತ್ತಾಯಿತು. ಮಕ್ಕಳ ಸಾಮಾನಿನ ಎರಡು ಅಂಗಡಿಯವರು ತಮಗೂ ಬೇಕೆಂದರು, ಅಲ್ಲಿಗೆ ಅವಳೇ ಹೋಗಿ ಕೊಟ್ಟು ಬರುತ್ತಿದ್ದಳು. ಓಣಿಯಲ್ಲೇ ಇದ್ದ ಒಬ್ಬ ಮುದುಕಿಯನ್ನು ಲಾಡಿ ಹೊಸೆಯಲು ಇಟ್ಟುಕೊಂಡಳು. ಅವಳಿಗೆ ಲಾಡಿ ಅಜ್ಜಿ ಎಂದೇ ಹೆಸರಾಯಿತು. ಇನ್ನಿಬ್ಬರು ಹೆಂಗಸರು ಹೊಲಿಯಲು ಬಂದರು. ಮುಂದಿನ ಕೋಣೆಯಲ್ಲಿ ಮೂರು ಮಿಷನ್ನು. ಮಂಚ ಅಡುಗೆ ಕೋಣೆ ಸೇರಿತು. "ನಾನು ಒಲೆ ಪಕ್ಕ ಮಲಗಿದರೆ ಚಳಿಗಾಲದಲ್ಲಿ ಲಾಭವೇ" ಅಂದ ಗಂಡ.

ಹೀಗಿರುವಾಗ ಊರಿನ ಆಚೆ ಕಡೆಯ ಹೆರಿಗೆ ಆಸ್ಪತ್ರೆಯ ದೊಡ್ಡ ಸಿಸ್ಟರ್ ಅಂಗಡಿಯಲ್ಲಿ ಇವಳ ಕುಲಾವಿ ನೋಡಿ ಹೇಳಿ ಕಳಿಸಿದರು. ಅವರ ವಾರ್ಡಿನಲ್ಲಿ ಹುಟ್ಟುವ ಎಲ್ಲ ಸಣ್ಣ ಕೂಸುಗಳಿಗೂ ಬಟ್ಟೆ ಇವಳೇ ಕೊಡಬೇಕು. ಆದರೆ ಆಸ್ಪತ್ರೆ ಅಂದಮೇಲೆ ಬಾಯಿಮಾತಿನ ವ್ಯವಹಾರ ನಡೆಯುವುದಿಲ್ಲ. ಉದ್ಯಮ ನೋಂದಣಿಯಾಗಿರಬೇಕು, ಕೆಲಸದ ಜಾಗವನ್ನು ಅಧಿಕಾರಿಗಳು ನೋಡಿ ಒಪ್ಪಬೇಕು.

ಅರ್ಜಿ ಬರೆಸಲು ಅವಳು ಹೋದದ್ದು ನೋಂದಣಿ ಕಚೇರಿಯ ಮೆಟ್ಟಿಲ ಪಕ್ಕ ಕುಳಿತುಕೊಳ್ಳುವ ಮುದುಕರ ಬಳಿಗೆ. ನಲವತ್ತು ವರ್ಷ ಬೇರೆಯವರ ಅರ್ಜಿ ತುಂಬಿಸಿ ಅವರ ಮಾತೇ ಅರ್ಜಿಯ ಹಾಗಾಗಿತ್ತು. ಮನೆಯಲ್ಲಿ ಮೊಮ್ಮಗು ಅತ್ತರೂ "ಕಾರಣದ ಕಾಲಂ ತುಂಬು" ಅನ್ನುತ್ತಾರೆ ಎಂದು ಜನ ಆಡಿಕೊಳ್ಳುತ್ತಿದ್ದರು. ಎಲ್ಲರಿಗೂ ಅವರು ಕಾಲಂ ತಾತ.

ತಾತ ಕನ್ನಡಕ ಏರಿಸಿ, "ನೋಡಮ್ಮಾ, ವಿಳಾಸಕ್ಕೆ ಮೂರು ಕಾಲಂ ಇದೆ. ಜನ ಏನು ಮಾಡ್ತಾರೆ, ಮೂರಕ್ಕೂ ಒಂದೇ ಬರೆದು ಕೈ ತೊಳ್ಕೋತಾರೆ. ಹಾಗೆ ಮಾಡಬಾರದು. ಮೊದಲನೇದು ನೋಂದಾಯಿತ ವಿಳಾಸ. ಸರ್ಕಾರ, ಕೋರ್ಟು, ನಿನ್ನನ್ನ ಹುಡುಕ್ಕೊಂಡು ಬರೋ ಜಾಗ. ಎರಡನೇದು ಕೆಲಸ ನಡೆಯುವ ಸ್ಥಳ. ಮಿಷನ್ನು ಎಲ್ಲಿ ತಿರುಗುತ್ತೋ ಅದು. ಮೂರನೇದು ಕಾಗದ ಪತ್ರ ಬರೋ ವಿಳಾಸ. ಅದು ಎಲ್ಲಾದರೂ ಇರಲಿ, ಕಾಗದ ನಿನ್ನ ಕೈಗೆ ಸೇರಿದರೆ ಸಾಕು. ಮೊದಲನೇದಕ್ಕೂ ಮೂರನೇದಕ್ಕೂ ಒಪ್ಪಿಗೆ ಇದ್ದರೆ ನೆಂಟರ ಮನೆ ಕೊಡಬಹುದು, ತಪ್ಪಿಲ್ಲ. ಎರಡನೇದು ಮಾತ್ರ ಇದ್ದಿದ್ದು ಇದ್ದಂಗೆ ಬರೀಬೇಕು" ಎಂದರು.

ಅವಳು ಸೆರಗಿನ ತುದಿ ತಿರುಚುತ್ತ ನಿಂತಳು. ಹುಟ್ಟುವ ಮಗುವಿನ ಮೊದಲ ಬಟ್ಟೆ. ಅದರ ಚೀಟಿಯ ಮೇಲೆ, ಫಲಕದ ಹೆಸರನ್ನೇ ಬರೆದರೂ, ಹೆಣದ ಓಣಿ. ಯಾವ ತಾಯಿ ಮುಟ್ಟುತ್ತಾಳೆ? ಮಗಳನ್ನು ಶಾಲೆಗೆ ಸೇರಿಸುವಾಗಲೂ ಇದೇ ಆಗಿತ್ತು. ಮಕ್ಕಳು ಆಡಿಕೊಳ್ಳುತ್ತಾರೆ ಎಂದು ತನ್ನ ತಂಗಿಯ ಮನೆಯ ವಿಳಾಸ ಬರೆಸಿದ್ದಳು. ಈಗ ಬೇರೆ ಊರಿನ ಹಾಸ್ಟೆಲಿನಲ್ಲಿ ಓದುತ್ತಿದ್ದ ಆ ಹುಡುಗಿ, ಯಾರೂ ಹೇಳಿಕೊಡದೆ, ಅಲ್ಲೂ ಚಿಕ್ಕಮ್ಮನ ಮನೆಯ ವಿಳಾಸವನ್ನೇ ಬರೆದಿದ್ದಳು. ಅದು ತಿಳಿದ ದಿನ ಇವಳಿಗೆ ಒಳಗೊಳಗೇ ಚುಚ್ಚಿತ್ತು. ಆದರೂ ಬುದ್ಧಿ ಬರಲಿಲ್ಲ.

"ಮೂರಕ್ಕೂ ಕೊಳದ ರಸ್ತೆ ಅಂತಲೇ ಬರೀರಿ ತಾತ. ನನ್ನ ತಂಗಿ ಮನೆ. ಕೆಲಸಾನೂ ಅಲ್ಲೇ ನಡೆಯುತ್ತೆ."

ತಾತ ಪೆನ್ನು ಎತ್ತಿದವರು ಒಂದು ಗಳಿಗೆ ತಡೆದರು. "ನಡೆಯುತ್ತಾ?"

"ನಡೆಯುತ್ತೆ."

ತಾತ ಬರೆದರು. ಅವರಿಗೇನು, ಹೇಳಿದ್ದನ್ನು ಬರೆಯುವವರು. ಅವಳು ಸಹಿ ಹಾಕಿದಳು.

ಕೊಳದ ರಸ್ತೆಯ ಮನೆ ನೋಡಲು ಲಕ್ಷಣವಾಗಿತ್ತು. ಗೇಟಿಗೆ ಕಾಗದದ ಹೂವಿನ ಬಳ್ಳಿ, ಮುಂದೆ ಟೈಲ್ಸಿನ ಜಗಲಿ. ತಂಗಿ ಒಳ್ಳೆಯವಳು. "ನಿನ್ನ ಬೋರ್ಡು ಬೇಕಾದರೂ ಹಾಕು ಅಕ್ಕ" ಅಂದಳು. ಅಂಗಡಿಯವರಿಗೆಲ್ಲ ಅದೇ ವಿಳಾಸ ಹೋಯಿತು. ಅವರು ಬರುವ ದಿನ ಕುಲಾವಿಯಕ್ಕ ಮೊದಲೇ ಹೋಗಿ ಜಗಲಿಯಲ್ಲಿ ಕುಳಿತಿರುತ್ತಿದ್ದಳು. ಬಟ್ಟೆಯ ಗಂಟುಗಳನ್ನು ಗಂಡ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಹಿಂಬಾಗಿಲಿನಿಂದ ತಂದಿಡುತ್ತಿದ್ದ. ಹಿಂಬಾಗಿಲಿನಿಂದಲೇ ಬನ್ನಿ ಅಂತ ಅವಳು ಎಂದೂ ಹೇಳಿರಲಿಲ್ಲ. ಅವನೇ ತಿಳಿದುಕೊಂಡಿದ್ದ. ಗಂಟು ಮುಟ್ಟುವ ಮೊದಲು ಮತ್ತೊಮ್ಮೆ ಸ್ನಾನ ಮಾಡುತ್ತಿದ್ದ, ಶರ್ಟು ಬದಲಾಯಿಸುತ್ತಿದ್ದ. ಅದನ್ನೂ ಅವಳು ಹೇಳಿರಲಿಲ್ಲ. ಬೇಡ ಅಂತಲೂ ಹೇಳಿರಲಿಲ್ಲ.

ಮೂರು ತಿಂಗಳಾಯಿತು. ತಪಾಸಣೆಯ ಪತ್ರ ಇಂದು ಬರುತ್ತದೆ ನಾಳೆ ಬರುತ್ತದೆ ಎಂದು ಕಾದದ್ದೇ ಬಂತು. ಆದರೆ ಪತ್ರ ಬಂದು ಆಗಲೇ ಹತ್ತು ದಿನವಾಗಿತ್ತು. ತಂಗಿಯ ಅತ್ತೆ ಅದನ್ನು ಯಾರದೋ ಮದುವೆಯ ಕಾಗದ ಎಂದುಕೊಂಡು ಷೋಕೇಸಿನ ಡ್ರಾಯರಿನಲ್ಲಿ, ಹಳೆಯ ಮದುವೆ ಕಾಗದಗಳ ಕಟ್ಟಿನೊಳಗೆ ಭದ್ರವಾಗಿ ಇಟ್ಟಿದ್ದರು. ಆ ಮನೆಗೆ ಬಂದ ಕಾಗದ ಸಿಗುವುದೂ ಒಂದೇ, ಸಮುದ್ರಕ್ಕೆ ಬಿದ್ದ ಸೂಜಿ ಸಿಗುವುದೂ ಒಂದೇ. ಬೇರೇನೋ ಹುಡುಕುವಾಗ ಅದು ತಂಗಿಯ ಕೈಗೆ ಸಿಕ್ಕಿತು. ಬೆಳಗ್ಗೆ ಎಂಟಕ್ಕೆ ಫೋನು ಮಾಡಿದಳು.

"ಅಕ್ಕ, ಇವತ್ತೇ ಬರ್ತಾರಂತೆ. ಹನ್ನೊಂದು ಗಂಟೆಗೆ. ನಮ್ಮನೆಗೆ. ಇಲ್ಲಿ ಮಿಷನ್ನೇ ಇಲ್ವಲ್ಲೇ!"

ಕುಲಾವಿಯಕ್ಕ ಫೋನಿಟ್ಟು ಮಿಷನ್ನಿನ ಮೇಲಿದ್ದ ಬಟ್ಟೆ ತೆಗೆಯತೊಡಗಿದಳು. ಗಂಡ ಅಂದು ಮಧ್ಯಾಹ್ನದ ಪಾಳಿಯವನು, ಮನೆಯಲ್ಲೇ ಇದ್ದ. ಏನು ಎತ್ತ ಎಂದು ಕೇಳಲಿಲ್ಲ. ಯಾರಿಂದಲೋ ತಳ್ಳುಗಾಡಿ ತಂದ, ಮಿಷನ್ನು ಎತ್ತಿ ಇಟ್ಟ, ಹಗ್ಗ ಬಿಗಿದ. "ನೀನು ಆಟೋದಲ್ಲಿ ಹೋಗು, ಬಟ್ಟೆ ತಗೊಂಡು. ಎರಡು ಮಿಷನ್ನು ಎರಡು ಸಲ ತರ್ತೀನಿ" ಅಂದ. ಕೊಳದ ರಸ್ತೆಗೆ ಅಲ್ಲಿಂದ ಎರಡೂವರೆ ಮೈಲಿ, ಕಡೆಯ ಅರ್ಧ ಮೈಲಿ ಏರು.

ಮೊದಲ ಮಿಷನ್ನು ಒಂಬತ್ತೂವರೆಗೆ ಬಂತು. ಅದನ್ನು ಜಗಲಿಯ ಪಕ್ಕದ ಕೋಣೆಯಲ್ಲಿ ಇಟ್ಟು, ಮುಂದೆ ಸ್ಟೂಲು ಹಾಕಿ, ಕತ್ತರಿಸಿದ ಬಟ್ಟೆ ಹರಡಿ, ಅಕ್ಕ ತಂಗಿ ಇಬ್ಬರೂ ನಾಟಕದ ಪರದೆ ಏಳುವುದಕ್ಕೆ ಕಾದವರಂತೆ ನಿಂತರು. ಹನ್ನೊಂದಕ್ಕೆ ಸರಿಯಾಗಿ ತಪಾಸಣೆಯ ಮೇಡಂ ಬಂದರು. ಜೊತೆಗೆ ದೊಡ್ಡ ಸಿಸ್ಟರ್ ಕೂಡ.

ಮೇಡಂ ಕಡಿಮೆ ಮಾತಿನವರು. ಕೋಣೆಯ ಉದ್ದ ಅಗಲ ನೋಡಿದರು, ಕಿಟಕಿ ನೋಡಿದರು, ಆಮೇಲೆ ನೆಲ ನೋಡಿದರು. "ತುಂಬಾ ಕ್ಲೀನಾಗಿದೆ" ಅಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ ಕುಲಾವಿಯಕ್ಕ ಬಗ್ಗಿ ನೆಲ ನೋಡಿದಳು. ಒಂದು ನೂಲಿನ ತುಂಡಿಲ್ಲ, ಬಟ್ಟೆಯ ಚೂರಿಲ್ಲ. ಹೊಲಿಯುವ ಮನೆಯ ನೆಲ ಹಾಗಿರುವುದೇ ಇಲ್ಲ. ತಂಗಿ ಮಧ್ಯೆ ಬಾಯಿ ಹಾಕಿ, "ನಮ್ಮತ್ತೆಗೆ ಕಸ ಕಂಡರೆ ಆಗಲ್ಲ ಮೇಡಂ, ದಿನಕ್ಕೆ ನಾಲ್ಕು ಸಲ ಗುಡಿಸ್ತಾರೆ" ಅಂದಳು. ದಿನಕ್ಕೆ ಒಂದು ಸಲವೂ ಪೊರಕೆ ಮುಟ್ಟದ ಅತ್ತೆ ಒಳಗಿನಿಂದ ಹೂಂಗುಟ್ಟಿದರು.

ದೊಡ್ಡ ಸಿಸ್ಟರಿಗೆ ನೆಲದ ಗೊಡವೆ ಇರಲಿಲ್ಲ. ಅವರು ಎಲ್ಲಕ್ಕಿಂತ ಸಣ್ಣ ಕುಲಾವಿಯನ್ನು ಎತ್ತಿ ತಮ್ಮ ಮುಷ್ಟಿಗೆ ತೊಡಿಸಿ ನೋಡುತ್ತಿದ್ದರು. "ಇಷ್ಟು ಸಣ್ಣದು ಯಾರೂ ಹೊಲಿಯಲ್ಲ ಕಣ್ರಿ. ಅಳತೆ ಎಲ್ಲಿಂದ ಸಿಕ್ಕಿತು ನಿಮಗೆ?"

"ಪುಸ್ತಕ ನೋಡಿ" ಅಂದಳು ಕುಲಾವಿಯಕ್ಕ.

ಅಷ್ಟರಲ್ಲಿ ಗೇಟಿನ ಸದ್ದಾಯಿತು. ಹಿಂಬಾಗಿಲಿಗೆ ಮೆಟ್ಟಿಲು, ಅಷ್ಟು ಭಾರದ ಮಿಷನ್ನು ಅಲ್ಲಿಂದ ತರಲಾಗದೆ ಗಂಡ ಮುಂಬಾಗಿಲಿಗೇ ಬಂದುಬಿಟ್ಟಿದ್ದ. ಏರು ಹತ್ತಿ ಬಂದವನು, ಶರ್ಟು ಬೆನ್ನಿಗೆ ಅಂಟಿತ್ತು, ಮಿಷನ್ನನ್ನು ಎದೆಗೆ ಅವಚಿಕೊಂಡು ಬಾಗಿಲಲ್ಲಿ ನಿಂತ. ಒಳಗೆ ಜನ ಇರುವುದು ಕಂಡು ಹೆಜ್ಜೆ ತಡೆದ.

"ಇವರು ಯಾರು?" ಅಂದರು ದೊಡ್ಡ ಸಿಸ್ಟರ್. ಸುಮ್ಮನೆ ಕೇಳಿದ್ದು. ಅದರಲ್ಲಿ ಯಾವ ಅನುಮಾನವೂ ಇರಲಿಲ್ಲ. ನನ್ನ ಗಂಡ ಅಂದಿದ್ದರೆ ಓಹೋ ಅನ್ನುತ್ತಿದ್ದರು, ಮುಂದಿನ ಮಾತಿಗೆ ಹೋಗುತ್ತಿದ್ದರು. ಆದರೆ ಗಂಡ ಅಂದರೆ ಮುಂದಿನ ಮಾತು ಏನು ಕೆಲಸ ಮಾಡ್ತಾರೆ ಎಂದು ತಾನೇ? ಅಷ್ಟು ದೂರ ಓಡಿತು ಇವಳ ತಲೆ.

"ಸಾಮಾನು ಸಾಗಿಸೋನು" ಅಂದಳು. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ಮಾತಿಗೆ ಮಾತು ಹೊಂದಬೇಕಲ್ಲ, ಅವನ ಕಡೆ ತಿರುಗಿ, "ಅಲ್ಲೇ ಇಡಪ್ಪ, ಗೋಡೆ ಪಕ್ಕ. ರಿಪೇರಿ ಆಯ್ತಾ?" ಅಂದಳು.

ಇಪ್ಪತ್ತೆರಡು ವರ್ಷದಲ್ಲಿ ಅವಳು ಅವನನ್ನು ಹಾಗೆ ಮಾತಾಡಿಸಿದವಳಲ್ಲ. ಅವನು ಅವಳನ್ನು ನೋಡಲಿಲ್ಲ. ಮಿಷನ್ನನ್ನು ಗೋಡೆ ಪಕ್ಕ ಮೆಲ್ಲಗೆ ಇಳಿಸಿ, ಟವೆಲಿನಿಂದ ಅದರ ಮೇಲಿನ ಧೂಳು ಒರೆಸಿದ.

"ಆಯ್ತು ಅಮ್ಮಾವ್ರೇ. ಇನ್ನೇನಾದರೂ ಇದೆಯಾ?"

ಏನೂ ಇಲ್ಲ ಎಂದು ಅವಳು ತಲೆಯಾಡಿಸಿದಳು. ಅವನು ಹೋದ. ತಂಗಿ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಮೇಡಂ ಕಾಗದದಲ್ಲಿ ಏನೋ ಬರೆದು, "ಸರಿಯಾಗಿದೆ, ವರದಿ ಕಳಿಸ್ತೀನಿ" ಅಂದರು. ದೊಡ್ಡ ಸಿಸ್ಟರ್ ಅವಳ ಕೈ ಕುಲುಕಿದರು. ಮೂರು ತಿಂಗಳು ಕಾದಿದ್ದ ಕೆಲಸ ಕೈಗೆ ಬಂದಿತ್ತು. ಅವಳಿಗೆ ಅಲ್ಲೇ ನೆಲ ಸೀಳಿ ತನ್ನನ್ನು ನುಂಗಬಾರದೇ ಅನ್ನಿಸುತ್ತಿತ್ತು.

ಮನೆಗೆ ಬಂದಾಗ ಗಂಡ ಪಾಳಿಗೆ ಹೊರಟಿದ್ದ. "ಪಾಸಾಯ್ತಾ?" ಅಂತ ಕೇಳಿದ.

"ಹೂಂ."

"ಒಳ್ಳೇದಾಯ್ತು" ಅಂದ. ಕೀಲಿಯ ಗೊಂಚಲು ತೆಗೆದುಕೊಂಡು ಹೋದ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವನು ಒಂದು ಮಾತು ಎತ್ತಿದ್ದರೆ ಇವಳು ಎರಡು ಮಾತು ಆಡಿ, ಅತ್ತು, ಕಾಲು ಹಿಡಿದು, ಹೇಗೋ ಮುಗಿಯುತ್ತಿತ್ತು. ಅವನು ಎತ್ತಲೇ ಇಲ್ಲ. ಇವಳಿಗೆ ತಾನಾಗಿ ಎತ್ತುವ ಮುಖ ಇರಲಿಲ್ಲ. ಊಟಕ್ಕೆ ಬಡಿಸುವಾಗ ಇವತ್ತು ಹೇಳುತ್ತೇನೆ ಅಂದುಕೊಳ್ಳುವಳು. ಬಾಯಿ ತೆರೆದರೆ "ಇನ್ನೊಂದು ಸ್ವಲ್ಪ ಹಾಕಲಾ?" ಎಂಬುದೇ ಬರುವುದು. ಅವನು ಎಂದಿನಂತೆ ಉಂಡು, ಎಂದಿನಂತೆ ಎದ್ದು ಹೋಗುವನು. ಒಂದೇ ಒಂದು ವ್ಯತ್ಯಾಸವಿತ್ತು. ಅಂಗಡಿಯವರ ಫೋನು ಬಂದು ಇವಳು ಮಾತಾಡತೊಡಗಿದರೆ, ಅವನು ಮೆಲ್ಲಗೆ ಎದ್ದು ಹೊರಗೆ ಹೋಗಿ ನಿಲ್ಲುತ್ತಿದ್ದ.

ಎಂಟು ದಿನ ಕಳೆಯಿತು. ಒಂಬತ್ತನೆಯ ದಿನ ಅವನು ಮಧ್ಯಾಹ್ನ ಊಟಕ್ಕೆ ಬಂದು ಮೇಜಿನ ಮೇಲೆ ಕೈಯಿಟ್ಟು ಗೇಣು ಹಾಕಿದ. "ಇಷ್ಟೇ. ಎರಡು ಬೆರಳು ಕಡಿಮೆ ಇರಲಿ" ಅಂದ. ಅವಳು ಗುರುತು ಮಾಡಿಕೊಳ್ಳಲು ಬಗ್ಗಿದಳು. ಆ ಕೈಯನ್ನು ಅಷ್ಟು ಹತ್ತಿರದಿಂದ ನೋಡಿದಳು. ಔಷಧಿಯ ನೀರಲ್ಲಿ ನೆನೆದು ನೆನೆದು ಬಿಳಚಿದ ಚರ್ಮ, ಒತ್ತಾಗಿ ಕತ್ತರಿಸಿದ ಉಗುರು. ಪುಸ್ತಕ ನೋಡಿ ಅಂದಿದ್ದಳಲ್ಲ, ಆ ಪುಸ್ತಕ ಇದು. ಹೊಲಿಯುವಾಗ ಕಣ್ಣೀರು ಬಂದು ದಾರ ಪೋಣಿಸಲಾಗಲಿಲ್ಲ. ಲಾಡಿ ಅಜ್ಜಿ ಪೋಣಿಸಿಕೊಟ್ಟಳು.

ಮರುದಿನ ಕಾಲಂ ತಾತನ ಮುಂದೆ ಹೋಗಿ ನಿಂತಳು. "ಎರಡನೇ ಕಾಲಂ ತಪ್ಪಾಗಿದೆ ತಾತ. ತಿದ್ದಬೇಕು."

"ತಪ್ಪಾಗಿದೆಯೋ, ತಪ್ಪು ಬರೆಸಿದ್ದೋ?"

"ಬರೆಸಿದ್ದು."

ತಾತ ನಗಲಿಲ್ಲ, ಬೈಯಲೂ ಇಲ್ಲ. ಹೊಸ ಹಾಳೆ ತೆಗೆದರು. "ನೋಡು, ಇದನ್ನ ತಿದ್ದಿದರೆ ಮತ್ತೆ ತಪಾಸಣೆ ಆಗುತ್ತೆ. ಈ ಸಲ ಹೇಳದೆ ಕೇಳದೆ ಬರ್ತಾರೆ. ಆಸ್ಪತ್ರೆಯವರು ಬೇಡ ಅಂದರೂ ಅನ್ನಬಹುದು. ಸುಮ್ಮನೆ ಇದ್ದರೆ ಯಾರಿಗೂ ಗೊತ್ತಾಗಲ್ಲ. ಯೋಚನೆ ಮಾಡು."

"ಮಾಡಿದ್ದೀನಿ."

"ಬದಲಾವಣೆಗೆ ಕಾರಣ ಅಂತ ಒಂದು ಕಾಲಂ ಇದೆ. ಏನು ಬರೀಲಿ?"

"ಓಣಿಯ ಹೆಸರು ಹೇಳೋಕೆ ನಾಚಿಕೆಯಾಗಿ ಸುಳ್ಳು ಹೇಳಿದ್ದೆ ಅಂತ ಬರೀರಿ" ಅಂದಳು. ತಾತ "ಅರ್ಜಿದಾರರ ತಪ್ಪು ಹೇಳಿಕೆಯಿಂದ" ಎಂದು ಬರೆದರು. ಕಾಲಂ ಚಿಕ್ಕದು, ಅಷ್ಟೇ ಹಿಡಿಯುತ್ತದೆ ಅಂದರು. ನೋಂದಾಯಿತ ವಿಳಾಸವನ್ನೂ ಓಣಿಗೇ ಬದಲಾಯಿಸಿಕೊಂಡಳು. ಕಾಗದ ಬರುವ ವಿಳಾಸವನ್ನೂ ಹಾಗೇ ಮಾಡಿಸಿದಳು. ಷೋಕೇಸಿನ ಡ್ರಾಯರಿಗೆ ಅಷ್ಟರ ಮಟ್ಟಿಗೆ ಬಿಡುಗಡೆಯಾಯಿತು.

ಅಂಗಡಿಯವರಿಗೂ ಹೊಸ ವಿಳಾಸ ತಿಳಿಸಿದಳು. ಒಬ್ಬರು ಏನೂ ಅನ್ನಲಿಲ್ಲ. ಇನ್ನೊಬ್ಬರು ಇದ್ದ ಮಾಲನ್ನೆಲ್ಲ ಗಂಟು ಕಟ್ಟಿ ವಾಪಸು ಕಳಿಸಿದರು. ಒಳಗೆ ಒಂದು ಚೀಟಿಯೂ ಇರಲಿಲ್ಲ. ಅವಳು ಆ ಗಂಟನ್ನು ಬಿಚ್ಚದೆ ಮಂಚದ ಕೆಳಗೆ ತಳ್ಳಿದಳು. ಹೆರಿಗೆ ಆಸ್ಪತ್ರೆಯವರೂ ಹೀಗೇ ಮಾಡಿದರೆ ಹೊಲಿಯುವ ಇಬ್ಬರು ಹೆಂಗಸರನ್ನು ಕೆಲಸ ಬಿಡಿಸಬೇಕಾಗುತ್ತದೆ, ಲಾಡಿ ಅಜ್ಜಿಯನ್ನೂ. ಅಷ್ಟೆಲ್ಲ ಧೈರ್ಯ ಮಾಡಿದವಳು ಮಾಡಬೇಕಾದ ಒಂದು ಕೆಲಸ ಮಾತ್ರ ಮಾಡಲಿಲ್ಲ. ಗಂಡನಿಗೆ ಹೇಳಲಿಲ್ಲ. ಅರ್ಜಿ ತಿದ್ದಿಸಿದೆ ಅನ್ನಬೇಕಾದರೆ ಯಾಕೆ ತಿದ್ದಿಸಿದೆ ಅನ್ನಬೇಕು. ಅದನ್ನು ಅನ್ನಬೇಕಾದರೆ ಆ ಮಾತನ್ನು ಮತ್ತೆ ಬಾಯಿಗೆ ತರಬೇಕು. ಸರ್ಕಾರಕ್ಕೆ ಬರೆದುಕೊಡುವುದು ಸುಲಭ, ಎದುರು ಕುಳಿತು ಉಣ್ಣುವವನಿಗೆ ಹೇಳುವುದು ಕಷ್ಟ.

ತಪಾಸಣೆಯ ಮೇಡಂ ಮತ್ತು ದೊಡ್ಡ ಸಿಸ್ಟರ್ ಬಂದದ್ದು ಒಂದು ಮಂಗಳವಾರ, ಬೆಳಗ್ಗೆ ಹತ್ತರ ಸುಮಾರಿಗೆ. ಒಳಗೆ ಮೂರು ಮಿಷನ್ನೂ ಓಡುತ್ತಿದ್ದವು. ಗಂಡ ಹೊಸಿಲಾಚೆ ಕಟ್ಟೆಯ ಮೇಲೆ ಕುಳಿತು ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದ. ಓಣಿಯ ಬಾಯಲ್ಲಿ ಆ ಇಬ್ಬರು ಹೆಂಗಸರು ಮನೆಯ ನಂಬರು ನೋಡುತ್ತ ಬರುವುದು ಕಂಡ. ಇವರೇ ಅವತ್ತಿನವರು ಎಂದು ಗುರುತು ಹಿಡಿದ. ಗುಟ್ಟು ಬಯಲಾಗಿದೆ, ಹಿಡಿಯಲು ಬಂದಿದ್ದಾರೆ ಎಂದುಕೊಂಡ. ಬೇರೆ ಏನು ಅಂದುಕೊಳ್ಳಬೇಕು ಅವನು? ಎದ್ದು ಹೋಗಿ ಮೂರು ಹೆಜ್ಜೆ ಮುಂದೆಯೇ ಅವರನ್ನು ತಡೆದ.

ಒಳಗೆ ಕುಲಾವಿಯಕ್ಕ ದಾರ ಬದಲಿಸಲು ಕಾಲು ನಿಲ್ಲಿಸಿದ್ದಳು. ಹೊರಗಿನ ಮಾತು ಕಿವಿಗೆ ಬಿತ್ತು.

"ಕುಲಾವಿ ಅಮ್ಮಾವ್ರನ್ನ ನೋಡಬೇಕಾ? ಅವರು ಇಲ್ಲಿರಲ್ಲ ಮೇಡಂ. ಕೊಳದ ರಸ್ತೆಯಲ್ಲಿ ಇರೋದು, ದೊಡ್ಡ ಮನೆ, ನೀವು ಬಂದಿದ್ರಲ್ಲ. ಇದು ನನ್ನ ಮನೆ. ನಾನು ಅವರ ಹತ್ರ ಸಾಮಾನು ಸಾಗಿಸೋನು. ಅವರಿಗೂ ಈ ಮನೆಗೂ ಏನೂ ಸಂಬಂಧ ಇಲ್ಲ."

ಅವಳು ಎದ್ದಳು. ಮೊಣಕಾಲು ಮಿಷನ್ನಿಗೆ ಬಡಿಯಿತು, ಡಬ್ಬಿ ಉರುಳಿ ಗುಂಡುಸೂಜಿಗಳೆಲ್ಲ ನೆಲದ ತುಂಬ ಚೆಲ್ಲಿದವು. ಕೈಯಲ್ಲಿ ಕತ್ತರಿ ಹಿಡಿದುಕೊಂಡೇ ಬಾಗಿಲಿಗೆ ಬಂದಳು. ಸೆರಗಿನ ತುಂಬ ನೂಲಿನ ಚೂರು. ಗಂಡ ಬೆನ್ನು ಹಾಕಿ ನಿಂತಿದ್ದವನು ತಿರುಗಿದ. ಒಳಗೆ ಹೋಗು, ನಾನು ನೋಡಿಕೊಳ್ಳುತ್ತೇನೆ ಎಂದು ಕಣ್ಣಲ್ಲೇ ಸನ್ನೆ ಮಾಡಿದ.

"ಇವರು ನನ್ನ ಗಂಡ" ಅಂದಳು. "ಇದು ನಮ್ಮ ಮನೆ. ಕೆಲಸ ನಡೆಯೋದು ಇಲ್ಲಿ. ಅವತ್ತು ಆ ಮನೆಯಲ್ಲಿ ನಾನು ಹೇಳಿದ್ದೆಲ್ಲ ಸುಳ್ಳು. ಇವರನ್ನ ಆಳು ಅಂದೆ. ಇವರು ಅದೋ, ಆ ಬಾಗಿಲಲ್ಲಿ ಕೆಲಸ ಮಾಡ್ತಾರೆ. ಅದನ್ನ ಹೇಳೋಕೆ ನನಗೆ ನಾಚಿಕೆಯಾಯಿತು."

ಓಣಿಯ ನಲ್ಲಿಯ ಹತ್ತಿರ ಇದ್ದವರೆಲ್ಲ ಕೊಡ ಬಿಟ್ಟು ಇತ್ತ ನೋಡುತ್ತಿದ್ದರು. ತಪಾಸಣೆಯ ಮೇಡಂ ಕಾಗದ ತೆರೆದು, "ನಿಮ್ಮ ಅರ್ಜಿ ಓದಿಯೇ ಬಂದಿದ್ದೀವಿ. ಒಳಗೆ ನೋಡಬಹುದಾ?" ಅಂದರು.

ಒಳಗೆ ಬಂದು ಅವರು ಮೊದಲು ನೆಲವನ್ನೇ ನೋಡಿದರು. ಚೂರು ಬಟ್ಟೆ, ದಾರ, ಈಗಷ್ಟೇ ಚೆಲ್ಲಿದ ಸೂಜಿ. "ಇದು ಹೊಲಿಯೋ ಜಾಗ" ಅಂದು ಬರೆದುಕೊಂಡರು. ಸೂಜಿ ಬಿದ್ದರೆ ಎಣಿಸಿ ತೆಗೆಯಬೇಕು, ಒಂದೂ ಬಟ್ಟೆಯಲ್ಲಿ ಉಳಿಯಕೂಡದು, ಕಿಟಕಿಗೆ ಜಾಲರಿ ಹಾಕಿಸಬೇಕು, ಬಟ್ಟೆ ಬೇಯಿಸಿ ಒಣಗಿಸಲು ಮುಚ್ಚಿದ ಜಾಗ ಬೇಕು ಎಂದು ತಿಂಗಳ ಗಡುವು ಕೊಟ್ಟರು. ದೊಡ್ಡ ಸಿಸ್ಟರ್ ಮೇಜಿನ ಹತ್ತಿರ ನಿಂತಿದ್ದರು. ಮೇಜಿನ ಮರದ ಮೇಲೆ ವರ್ಷಗಳ ಸೀಸದ ಕಡ್ಡಿಯ ಗೆರೆಗಳಿದ್ದವು.

"ಇದೇನು?"

"ಅಳತೆ ಸಿಸ್ಟರ್. ಹುಟ್ಟುತ್ತಲೇ ಹೋದ ಮಕ್ಕಳದು. ಇವರು ಬಂದು ಕೈಯಲ್ಲಿ ತೋರಿಸ್ತಿದ್ದರು, ನಾನು ಹೊಲಿದು ಕೊಡ್ತಿದ್ದೆ. ಪುಸ್ತಕ ಅಂತ ಅವತ್ತು ಹೇಳಿದೆ. ಪುಸ್ತಕ ಇಲ್ಲ."

ದೊಡ್ಡ ಸಿಸ್ಟರ್ ಒಂದು ಗೆರೆಯಿಂದ ಇನ್ನೊಂದು ಗೆರೆಗೆ ಬೆರಳು ಓಡಿಸಿದರು. ಅವರ ವಾರ್ಡಿನಲ್ಲೂ ಅಂಥವು ಎಷ್ಟು ಹೋಗಿದ್ದವೋ. "ನಮ್ಮಲ್ಲಿ ಅಂಥವಕ್ಕೆ ಟವೆಲ್ ಸುತ್ತಿ ಕೊಡ್ತೀವಿ" ಅಂದರು. ಗೆರೆಗಳ ಮೇಲಿನಿಂದ ಬೆರಳು ತೆಗೆದು, "ಅವಕ್ಕೂ ಕೊಡಿ. ಚೀಟಿ ಮೇಲೆ ಯಾವ ವಿಳಾಸ ಬೇಕಾದರೂ ಇರಲಿ" ಅಂದರು. ಆಮೇಲೆ ಬಾಗಿಲ ಕಡೆ ತಿರುಗಿದರು. "ಯಜಮಾನರು ಎಲ್ಲಿ? ಅವರ ಹತ್ರ ಸ್ವಲ್ಪ ಕೇಳಬೇಕಿತ್ತು, ಒಳಗೆ ಕರೀರಿ."

ಗಂಡ ಇನ್ನೂ ಹೊರಗೇ ಇದ್ದ. ಕಟ್ಟೆಯ ಮೇಲೂ ಕುಳಿತಿರಲಿಲ್ಲ. ಎಣ್ಣೆಯ ಕೈ ಒರೆಸಿಕೊಳ್ಳುತ್ತ ಗೋಡೆಗೆ ಒತ್ತಿ, ಬಂದವರ ದಾರಿಗೆ ಅಡ್ಡವಾಗದಂತೆ ನಿಂತಿದ್ದ. ಇಪ್ಪತ್ತೆರಡು ವರ್ಷ ಅವನೇ ಬಾಡಿಗೆ ಕಟ್ಟಿದ ಮನೆ.

"ಬನ್ನಿ" ಅಂದಳು ಅವಳು. "ಸಿಸ್ಟರ್ ಕರೀತಿದ್ದಾರೆ. ನಾನೂ ಕರೀತಿದ್ದೀನಿ."

ಅವನು ಬಂದ. ಆದರೆ ಹೊಸಿಲು ದಾಟುವ ಮೊದಲು ಒಂದು ಗಳಿಗೆ ನಿಂತು ಅವಳ ಮುಖ ನೋಡಿದ, ನಿಜವಾಗಿಯೂ ಬರಬಹುದೋ ಬಾರದೋ ಎಂದು. ಹಾಗೆ ನೋಡುವುದನ್ನು ಅವನಿಗೆ ಕಲಿಸಿದವಳು ತಾನೇ ಎಂದು ಅವಳಿಗೆ ಗೊತ್ತಿತ್ತು. ಮುಂದೆ ಆಸ್ಪತ್ರೆಗೆ ಎಷ್ಟು ವರ್ಷ ಬಟ್ಟೆ ಹೊಲಿದರೂ, ಯಾರಾದರೂ ಹೊಸಬರು ಮನೆಗೆ ಬಂದಾಗಲೆಲ್ಲ ಅವನು ಹಾಗೆ ಒಮ್ಮೆ ಅವಳ ಮುಖ ನೋಡಿಯೇ ಒಳಗೆ ಬರುತ್ತಿದ್ದ.